ಅಲೆ ನಿಲ್ಲಲಿ ಎಂದು ಕಾದವರು

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ, ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗ ಕೈಯಲ್ಲೊಂದು ಕಾಗದ ಹಿಡಿದು ಕೆಳಗಿಳಿದು ಬಂದ. ತಿಪಟೂರಿನ ಕಡೆಯವನು. ಚಾರ್ಟರ್ಡ್ ಅಕೌಂಟೆನ್ಸಿ ಓದಲೆಂದು ಲಕ್ಷ್ಮೀ ನಗರಕ್ಕೆ ಬಂದು ಸೇರಿರುವ ಅಸಂಖ್ಯ ಹುಡುಗರಲ್ಲಿ ಒಬ್ಬ. ದಿಲ್ಲಿಯ ವಾಚಕರಿಗೆ ನಮ್ಮ ಬಡಾವಣೆಯ ವರ್ಣನೆ ಬೇಕಾಗಿಲ್ಲ. ವಿಕಾಸ ಮಾರ್ಗದ ಉದ್ದಕ್ಕೂ ಕೋಚಿಂಗ್ ತರಗತಿಗಳ ಫಲಕಗಳು, ಫಲಕಗಳ ತುಂಬ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದವರ ನಗುಮುಖಗಳು, ಅವುಗಳ ಕೆಳಗೆ ತಲೆ ತಗ್ಗಿಸಿ ನಡೆಯುವ, ಇನ್ನೂ ತೇರ್ಗಡೆಯಾಗದವರ ಗುಂಪು. ಲೆಕ್ಕ ಕಲಿಯಲು ಬಂದ ಹುಡುಗನ ಕಾಗದದಲ್ಲೂ ಲೆಕ್ಕವೇ ಇತ್ತು. ಆದರೆ ಅದು ಪರೀಕ್ಷೆಯ ಲೆಕ್ಕವಲ್ಲ.

ಅಡ್ಡಗೆರೆ ಉದ್ದಗೆರೆ ಎಳೆದು ಐದು ಕ್ಯಾಮೆರಾಗಳ ಹೆಸರು ಬರೆದಿದ್ದ. ಕ್ಯಾನನ್ 1500ಡಿ, ಕ್ಯಾನನ್ 200ಡಿ ಮಾರ್ಕ್ 2, ನಿಕಾನ್ ಡಿ3500, ನಿಕಾನ್ ಡಿ5600. ಕೊನೆಯಲ್ಲಿ ಕನ್ನಡಿಯಿಲ್ಲದ ಹೊಸ ಜಾತಿಯ ಕ್ಯಾನನ್ ಆರ್50. ಒಂದೊಂದರ ಮುಂದೆಯೂ ಮೆಗಾಪಿಕ್ಸೆಲ್, ತೂಕ, ಬಂದ ವರ್ಷ, ಹೊಸದರ ಬೆಲೆ, ಹಳೆಯದರ ಬೆಲೆ, ಎಲ್ಲವೂ ಅಚ್ಚುಕಟ್ಟು. ನಮ್ಮ ಕಚೇರಿಯ ಹಳೆಯ ಲೆಕ್ಕಿಗರು ಕಂಡಿದ್ದರೆ ಬೆನ್ನು ತಟ್ಟುತ್ತಿದ್ದರು. ಶಾಲೆಯ ಮಕ್ಕಳಿಗೆ ಮನೆಪಾಠ ಹೇಳಿ 28 ಸಾವಿರ ರೂಪಾಯಿ ಕೂಡಿಸಿದ್ದಾನಂತೆ.

"ಅಂಕಲ್, ಎಂಟು ತಿಂಗಳಿಂದ ನೋಡ್ತಾ ಇದೀನಿ. ಈಗಲೇ ತಗೊಳ್ಳೋದೋ, ಇನ್ನೊಂದಿಷ್ಟು ದಿನ ಕಾಯೋದೋ? ಕಾದ್ರೆ ಬೆಲೆ ಇಳಿಯುತ್ತೆ, ಇದಕ್ಕಿಂತ ಒಳ್ಳೇದೂ ಬರುತ್ತೆ" ಎಂದ.

ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಆ ನಗುವಿಗೆ ಕಾರಣವಿದೆ, ಮುಂದೆ ಹೇಳುತ್ತೇನೆ. ಮೊದಲು ಹುಡುಗನ ಪ್ರಶ್ನೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಇದು ಕ್ಯಾಮೆರಾ ಅಂಗಡಿಯ ಪ್ರಶ್ನೆಯಂತೆ ಕಂಡರೂ ನಮ್ಮ ನಿಮ್ಮೆಲ್ಲರ ಪ್ರಶ್ನೆ. ಮನೆ ಕಟ್ಟುವವನು, ಮಗಳಿಗೆ ವರ ಹುಡುಕುವವನು, ನಿವೃತ್ತಿಯಾದ ಮೇಲೆ ಊರಿಗೆ ಹೋಗುತ್ತೇನೆನ್ನುವವನು, ಎಲ್ಲರೂ ಒಂದಲ್ಲ ಒಂದು ದಿನ ಇದನ್ನೇ ಕೇಳಿಕೊಂಡಿರುತ್ತಾರೆ. ಇನ್ನೂ ಒಳ್ಳೆಯದು ಬರುವುದೆಂದು ಗೊತ್ತಿರುವಾಗ ಇದ್ದುದನ್ನು ಒಪ್ಪಿಕೊಳ್ಳುವುದು ಅವಿವೇಕವೆ? ಕಾಯುವುದು ಸಂಯಮವೆ?

ಮೊದಲು ಯಂತ್ರದ ವಿಷಯ. ಡಿಎಸ್‌ಎಲ್‌ಆರ್ ಎಂಬ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಓರೆಯಾಗಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ಕಳಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಹಿಂದಿನ ಪರದೆ ತೆರೆಯುತ್ತದೆ, ಬೆಳಕು ಸೆನ್ಸರಿನ ಮೇಲೆ ಬಿದ್ದು ಚಿತ್ರವಾಗುತ್ತದೆ. ಆ ಒಂದು ಕ್ಷಣ ಕಿಂಡಿಯಲ್ಲಿ ಕತ್ತಲೆ. ಚಿತ್ರ ಮೂಡುವ ಗಳಿಗೆಯಲ್ಲಿ ತೆಗೆಯುವವನಿಗೆ ಏನೂ ಕಾಣಿಸುವುದಿಲ್ಲ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಕನ್ನಡಿಯೇ ಇಲ್ಲ. ಸೆನ್ಸರ್ ಕಂಡುದನ್ನು ಚಿಕ್ಕದೊಂದು ಪರದೆಯ ಮೇಲೆ ನೇರವಾಗಿ ನೋಡಬಹುದು.

ಈ ಯಂತ್ರದ ಚರಿತ್ರೆಯೆಂದರೆ ಅಲೆಯ ಮೇಲೆ ಅಲೆ. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1991ರಲ್ಲಿ ಅದೇ ಕಂಪನಿ ನಿಕಾನ್ ಎಫ್3 ಕ್ಯಾಮೆರಾದ ಬೆನ್ನಿಗೆ ಸೆನ್ಸರ್ ಕಟ್ಟಿ 1.3 ಮೆಗಾಪಿಕ್ಸೆಲಿನ ಡಿಎಸ್‌ಎಲ್‌ಆರ್ ಮಾರಿತು. ಚಿತ್ರಗಳನ್ನು ತುಂಬುವ ಪೆಟ್ಟಿಗೆಯನ್ನು ಬೇರೆಯಾಗಿ ಹೆಗಲಿಗೆ ಹಾಕಿಕೊಂಡು ನಡೆಯಬೇಕಿತ್ತು. 1999ರಲ್ಲಿ ನಿಕಾನ್ ಡಿ1 ಬಂತು. 2003ರಲ್ಲಿ 6.3 ಮೆಗಾಪಿಕ್ಸೆಲಿನ ಕ್ಯಾನನ್ 300ಡಿ ಸಾವಿರ ಡಾಲರಿನ ಒಳಗೆ ಬಂದಾಗ ಸಾಮಾನ್ಯರ ಕೈಗೆ ಈ ಯಂತ್ರ ಎಟುಕಿತು. 2008ರಲ್ಲಿ ನಿಕಾನ್ ಡಿ90, ಅದರಲ್ಲಿ ಚಲನಚಿತ್ರವನ್ನೂ ತೆಗೆಯಬಹುದಾಗಿತ್ತು. ಆಮೇಲೆ ಲೆಕ್ಕವಿಟ್ಟವರಿಗೇ ಲೆಕ್ಕ ತಪ್ಪುವಷ್ಟು ಮಾದರಿಗಳು.

'ಅಲೆ ನಿಂತ ಮೇಲೆ ಸಮುದ್ರ ಸ್ನಾನ' ಎಂದು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದುದು ಇಂಥ ಹೊತ್ತಿಗೇ. ದಡದಲ್ಲಿ ನಿಂತವನ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಈ ಅಲೆ ದೊಡ್ಡದು, ಹೋಗಲಿ, ಮುಂದಿನದು ಚಿಕ್ಕದಿರಬಹುದು. ಈ ವರ್ಷದ ಕ್ಯಾಮೆರಾಕ್ಕಿಂತ ಬರುವ ವರ್ಷದ್ದು ಉತ್ತಮ ಎಂಬುದು ಸತ್ಯವೇ. ಪ್ರತಿಯೊಂದು ಹೆಜ್ಜೆಯೂ ಸರಿಯಾಗಿದ್ದು ದಾರಿ ಮಾತ್ರ ತಪ್ಪುವ ವಿಚಿತ್ರ ಇದು.

ಈಗ ನಮ್ಮ ಮನೆಯ ಕಥೆ. ನಾನು ಐಟಿಓ ಬಳಿಯ ಒಂದು ಸರ್ಕಾರಿ ಕಚೇರಿಯಿಂದ ನಿವೃತ್ತನಾದದ್ದು 2008ರಲ್ಲಿ. ಆರನೆಯ ವೇತನ ಆಯೋಗದ ಬಾಕಿ ಹಣ ಆಗಲೇ ಬಂತು. ಮೂವತ್ತೆರಡು ವರ್ಷದ ಸಂಸಾರದಲ್ಲಿ ತನಗೆಂದು ಏನನ್ನೂ ಕೇಳದ ಹೆಂಡತಿ ಒಂದನ್ನು ಕೇಳಿದಳು. ಚಳಿಗಾಲದಲ್ಲಿ ಕಾಶ್ಮೀರಿ ಗೇಟ್ ಸಮೀಪದ ಯಮುನಾ ಘಾಟಿಗೆ ಕಡಲಕ್ಕಿಗಳು ಬರುವುದನ್ನು ನೀವು ನೋಡಿರಬಹುದು. ಜನ ಅವನ್ನು ಸೈಬೀರಿಯದ ಹಕ್ಕಿಗಳೆನ್ನುತ್ತಾರೆ. ಬೆಳಗಿನ ಮಂಜಿನಲ್ಲಿ ದೋಣಿಯವರು ಖಾರಾ ಸೇವು ಎರಚಿದರೆ ನೂರಾರು ಹಕ್ಕಿ ಒಮ್ಮೆಗೇ ಏಳುತ್ತವೆ. ಅದನ್ನು ಚಿತ್ರ ತೆಗೆಯಬೇಕೆಂದು ಅವಳ ಆಸೆ. ನಮ್ಮ ಮದುವೆಯಲ್ಲಿ ಅವಳ ಅಣ್ಣ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರವೆಂದು ಎಣಿಸಿ ಎಣಿಸಿ ತೆಗೆಯುವಾಗ, ಅದರಲ್ಲಿ ಒಂದನ್ನು ತಾನು ತೆಗೆದು ಬೈಸಿಕೊಂಡವಳು ಅವಳು. ಮದುವೆಯ ಆಲ್ಬಮಿನಲ್ಲಿ ಓರೆಯಾಗಿರುವ ಆ ಒಂದು ಚಿತ್ರವೇ ಇಂದಿಗೂ ಚೆನ್ನಾಗಿದೆ.

ಬಾಕಿ ಹಣ ಕೈಯಲ್ಲಿತ್ತು. ನಾನು ವಿಚಾರಿಸಲು ತೊಡಗಿದೆ. ಕೂಚಾ ಚೌಧರಿಯ ಫೋಟೋ ಬಜಾರಿನಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಡಿ90 ಕೊಳ್ಳೋಣವೆಂದುಕೊಂಡಾಗ ಅದರ ಉತ್ತರಾಧಿಕಾರಿ ಬರಲಿದೆಯೆಂದು ಕೇಳಿ ಕಾದೆ. 2010ರಲ್ಲಿ 16 ಮೆಗಾಪಿಕ್ಸೆಲಿನ ಡಿ7000 ಬಂತು. ಬೆಲೆ ಇಳಿಯಲೆಂದು ಕಾದೆ. ಇಳಿಯುವ ಹೊತ್ತಿಗೆ 2013ರಲ್ಲಿ 24 ಮೆಗಾಪಿಕ್ಸೆಲಿನ ಡಿ7100 ಬಂತು. 2015ರಲ್ಲಿ ಡಿ7200. 2017ರಲ್ಲಿ ಬಂದ ಡಿ7500ರಲ್ಲಿ ಮೆಗಾಪಿಕ್ಸೆಲ್ 21ಕ್ಕೆ ಇಳಿದಿತ್ತು. ಹೆಚ್ಚಾಗುವುದೆಂದು ನಾನು ಕಾದ ಸಂಖ್ಯೆ ಕಡಮೆಯಾಗಿತ್ತು, ಕ್ಯಾಮೆರಾ ಮಾತ್ರ ಉತ್ತಮವಾಗಿತ್ತು! ಅದೇ ವರ್ಷ ಜಿಎಸ್‌ಟಿ ಬಂದು ಕ್ಯಾಮೆರಾಗಳ ಮೇಲೆ ನೂರಕ್ಕೆ 28 ತೆರಿಗೆ ಬಿತ್ತು. ಇಳಿಸಿಯೇ ಇಳಿಸುತ್ತಾರೆ ಎಂದೆ. ನನ್ನ ಮಾತು ನಿಜವಾಯಿತು. 2019ರ ಜನವರಿ 1ರಿಂದ ಅದು 18ಕ್ಕೆ ಇಳಿಯಿತು. ಆ ತಿಂಗಳೇ ಡಿ7500 ಮತ್ತು 300 ಮಿಲಿಮೀಟರಿನವರೆಗೆ ಎಳೆಯುವ ಲೆನ್ಸನ್ನು ಕೊಂಡು ತಂದೆ. ಹತ್ತು ವರ್ಷ ಕಾದು ಕೊಂಡವನ ಮುಖದಲ್ಲಿ ಎಂಥ ಗೆಲುವಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

"ಈ ಚಳಿಗಾಲಕ್ಕಾದ್ರೂ ಬರುತ್ತೇನ್ರೀ?" ಎಂದು ಅವಳು ಮೊದಲ ಕೆಲವು ವರ್ಷ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅದನ್ನು ನಾನು ತೃಪ್ತಿಯೆಂದು ತಿಳಿದೆ.

ನಡುವೆ 2014ರಲ್ಲಿ ಅವಳ ಕಣ್ಣಿಗೆ ಗ್ಲಾಕೋಮವಿರುವುದು ಗೊತ್ತಾಗಿತ್ತು. ಆ ರೋಗದ ರೀತಿ ಹಾಗೆ. ನಡುವಿನ ನೋಟ ಬಹುಕಾಲ ಉಳಿದಿರುತ್ತದೆ, ಅಂಚುಗಳು ಸದ್ದಿಲ್ಲದೆ ಕುಗ್ಗುತ್ತ ಬರುತ್ತವೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದುದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕು. ಹೊಸ ಕ್ಯಾಮೆರಾ ಹಿಡಿದು ಇಬ್ಬರೂ ಘಾಟಿಗೆ ಹೋದೆವು. ಹಕ್ಕಿಗಳು ಎದ್ದವು. ಹಾರುವ ಹಕ್ಕಿಯನ್ನು ಉದ್ದ ಲೆನ್ಸಿನ ಕಿಂಡಿಯೊಳಗೆ ಹಿಡಿಯಬೇಕಾದರೆ ಅದು ಯಾವ ಕಡೆಯಿಂದ ಬರುತ್ತಿದೆಯೆಂದು ಕಣ್ಣಿನ ಅಂಚು ಮೊದಲೇ ಹೇಳಬೇಕು. ಅವಳ ಕಣ್ಣಿಗೆ ಆ ಅಂಚು ಉಳಿದಿರಲಿಲ್ಲ. ಹಕ್ಕಿ ಕಂಡಿತು ಎನ್ನುವಷ್ಟರಲ್ಲಿ ಕಿಂಡಿ ಬರಿದಾಗಿರುತ್ತಿತ್ತು. ಅರ್ಧ ಗಂಟೆಯ ಮೇಲೆ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, "ಹಾರೋದನ್ನ ನೀವು ತೆಗೀರಿ, ಕೂತಿರೋದನ್ನ ನಾನು ತೆಗೀತೀನಿ" ಎಂದಳು. ಆ ದಿನ ಅವಳು ತೆಗೆದ ಮುದುಕ ದೋಣಿಯವನ ಚಿತ್ರ ನಮ್ಮ ಹಜಾರದ ಗೋಡೆಯ ಮೇಲಿದೆ. ಬಂದವರೆಲ್ಲ ಮೆಚ್ಚುತ್ತಾರೆ. ನನಗೆ ಮಾತ್ರ ಆ ಚಿತ್ರದಲ್ಲಿಲ್ಲದ ಹಕ್ಕಿಗಳೇ ಕಾಣುತ್ತವೆ.

ಇದನ್ನು ಹೇಳಿದ್ದು ಕನಿಕರಕ್ಕಾಗಿ ಅಲ್ಲ. ನನ್ನ ಲೆಕ್ಕದಲ್ಲಿ ತಪ್ಪಿದ್ದೆಲ್ಲಿ ಎಂಬುದನ್ನು ಹುಡುಕುವುದಕ್ಕಾಗಿ. ರೂಪಾಯಿಯ ಲೆಕ್ಕ ತಪ್ಪಿರಲಿಲ್ಲ; ಕಾದುದರಿಂದ ಹಣ ಉಳಿಯಿತು, ಉತ್ತಮ ಯಂತ್ರವೂ ಸಿಕ್ಕಿತು. ಆದರೆ ಕಾಯುವುದಕ್ಕೂ ಒಂದು ಬೆಲೆಯುಂಟು, ಅದನ್ನು ಯಾರೋ ತೆರುತ್ತಿರುತ್ತಾರೆ ಎಂಬ ಒಂದು ಕಲಮು ನನ್ನ ಪಟ್ಟಿಯಲ್ಲಿರಲಿಲ್ಲ. ಯಯಾತಿಯ ಕಥೆ ನಮಗೆಲ್ಲ ಗೊತ್ತು. ಮಹಾಭಾರತದ ಆ ಕಥೆಯನ್ನು ಗಿರೀಶ ಕಾರ್ನಾಡರು 1961ರಲ್ಲಿ ನಾಟಕವಾಗಿಸಿದರು. ತನ್ನ ಭೋಗದ ಆಸೆಗಾಗಿ ಯಯಾತಿ ಮಗನ ಯೌವನವನ್ನು ಬೇಡಿದ. ಅವನನ್ನು ನಾವು ನಿಂದಿಸುತ್ತೇವೆ. ಆದರೂ ಅವನು ಬೇಡಿದನಲ್ಲ! ಮಗ ಪೂರು ಒಪ್ಪಿ ಕೊಟ್ಟ. ನಾನು ಆಸೆಯನ್ನು ಗೆದ್ದವನೆಂಬ ಹೆಮ್ಮೆಯಲ್ಲಿ ಹೆಂಡತಿಯ ಹತ್ತು ಚಳಿಗಾಲಗಳನ್ನು ಕೇಳದೆಯೇ ತೆಗೆದುಕೊಂಡೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಹಾಗಾದರೆ ಬೇಕೆನಿಸಿದಾಗ ಕೊಳ್ಳಬೇಕೆ? ಅಪರಿಗ್ರಹ, ಮಿತವ್ಯಯ ಎಂಬ ಮಾತುಗಳಿಗೆ ಬೆಲೆಯಿಲ್ಲವೆ? ಬಡ್ಡಿಯಿಲ್ಲದ ಕಂತೆಂದು ಆಮಿಷ ತೋರಿಸಿ, ಇಂದು ರಾತ್ರಿಗೇ ರಿಯಾಯಿತಿ ಮುಗಿಯಿತೆಂದು ಅವಸರಪಡಿಸಿ, ಬೇಡದ ಸಾಮಾನನ್ನು ಕಟ್ಟುವ ಈ ಕಾಲದಲ್ಲಿ ಕಾಯುವವನೇ ಜಾಣನಲ್ಲವೆ? ಈ ಆಕ್ಷೇಪಣೆ ನ್ಯಾಯವಾದದ್ದೇ. ಕೊಂಡು ಕಪಾಟಿನಲ್ಲಿಟ್ಟು ಲೆನ್ಸಿಗೆ ಬೂಷ್ಟು ಹಿಡಿಸಿದ ಮನೆಗಳನ್ನೂ ನಾನು ಬಲ್ಲೆ.

ಆದರೆ ನೋಡಿ, ಅವಸರದಲ್ಲಿ ಕೊಳ್ಳುವವನೂ ನನ್ನಂತೆ ಮುಂದೂಡುವವನೂ ಒಂದೇ ಪಂಚಾಂಗವನ್ನು ನೋಡಿ ನಡೆಯುತ್ತಾರೆ, ಅಂಗಡಿಯ ಪಂಚಾಂಗವನ್ನು. ಒಬ್ಬನಿಗೆ ಇಂದಿನ ರಿಯಾಯಿತಿ ಶುಭ ಮುಹೂರ್ತ, ಇನ್ನೊಬ್ಬನಿಗೆ ನಾಳೆಯ ಹೊಸ ಮಾದರಿ. ಇಬ್ಬರ ಮನಸ್ಸೂ ಹಗಲಿರುಳು ಕ್ಯಾಮೆರಾದಲ್ಲೇ ಇರುತ್ತದೆ. ಸಂಯಮವುಳ್ಳವನ ಲಕ್ಷಣ ಬೇರೆ. ಅವನು ಬೇಡವೆಂದರೆ ಬೇಡ. ಅದನ್ನು ಮರೆತು ತನ್ನ ಕೆಲಸಕ್ಕೆ ಹೋಗುತ್ತಾನೆ. ಬೇಕೆಂದರೆ ಬೇಕಾದಷ್ಟನ್ನು ಕೊಂಡು ಕೆಲಸಕ್ಕೆ ತೊಡಗುತ್ತಾನೆ. ಹತ್ತು ವರ್ಷ ದಿನವೂ ಬೆಲೆಪಟ್ಟಿ ನೋಡಿದ ನಾನು ಹಣವನ್ನು ಖರ್ಚು ಮಾಡದಿದ್ದರೂ ಆಸೆಯನ್ನು ದಿನವೂ ಖರ್ಚು ಮಾಡುತ್ತಲೇ ಇದ್ದೆ.

ಇನ್ನೊಂದು ವಿನೋದವಿದೆ. ಡಿಎಸ್‌ಎಲ್‌ಆರ್ ಲೋಕದಲ್ಲಿ ಅಲೆ ಈಗ ಹೆಚ್ಚು ಕಡಮೆ ನಿಂತೇಹೋಗಿದೆ! 2020ರಲ್ಲಿ ಬಂದ 1ಡಿಎಕ್ಸ್ ಮಾರ್ಕ್ 3 ತನ್ನ ಅಗ್ರಶ್ರೇಣಿಯ ಡಿಎಸ್‌ಎಲ್‌ಆರ್‌ಗಳಲ್ಲಿ ಕೊನೆಯದೆಂದು ಕ್ಯಾನನ್ ಕಂಪನಿಯ ಮುಖ್ಯಸ್ಥರೇ 2021ರಲ್ಲಿ ಹೇಳಿದರು. ನಿಕಾನ್ ಡಿ3500ರ ತಯಾರಿಕೆ ನಿಂತಿದೆ. ಪೆಂಟಾಕ್ಸಿನಂಥ ಹಟವಾದಿಯನ್ನು ಬಿಟ್ಟರೆ ಉಳಿದವರೆಲ್ಲ ಮಿರರ್‌ಲೆಸ್ಸಿನ ಕಡೆ ನಡೆದಿದ್ದಾರೆ. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಎಲ್ಲ ಬಗೆಯ ಡಿಜಿಟಲ್ ಕ್ಯಾಮೆರಾಗಳೂ ಸೇರಿ 12 ಕೋಟಿಗೂ ಹೆಚ್ಚು ಹೊರಬಂದವು. 2023ರಲ್ಲಿ 80 ಲಕ್ಷಕ್ಕೂ ಕಡಮೆ. ಮಿಕ್ಕ ಕೆಲಸವನ್ನು ಮೊಬೈಲ್ ವಹಿಸಿಕೊಂಡಿದೆ. ಹಾಗಾದರೆ 'ಕೊನೆಯ, ಅತ್ಯುತ್ತಮ ಡಿಎಸ್‌ಎಲ್‌ಆರ್ ಬರಲಿ' ಎಂದು ಕಾದವರ ಆಸೆ ಈಡೇರಿದೆ. ಬೆಲೆಯೂ ಇಳಿದಿದೆ. ಅವರೆಲ್ಲ ಈಗ ಸಂತೋಷದಿಂದ ನೀರಿಗಿಳಿಯಬೇಕಲ್ಲವೆ? ಇಲ್ಲ, ಪಕ್ಕದ ಕಡಲಿನಲ್ಲಿ ಮಿರರ್‌ಲೆಸ್ ಅಲೆಗಳು ಏಳುತ್ತಿವೆಯೆಂದು ಅಲ್ಲಿ ಹೋಗಿ ನಿಂತಿದ್ದಾರೆ. ಅವರು ಕಾದದ್ದು ಅಲೆ ನಿಲ್ಲಲೆಂದಲ್ಲ, ಸ್ನಾನ ತಪ್ಪಲೆಂದು ಎಂಬುದು ಇದರಿಂದ ಸ್ಪಷ್ಟವಾಯಿತು. ಕೊಂಡ ಮೇಲೆ ಚಿತ್ರ ತೆಗೆಯಬೇಕು. ತೆಗೆದ ಚಿತ್ರ ಕೆಟ್ಟಿದ್ದರೆ ಆಗ ದೂರಲು ಯಂತ್ರವಿರುವುದಿಲ್ಲ. ಪಟ್ಟಿ ಮಾಡುತ್ತಿರುವವರೆಗೆ ಮಾತ್ರ ನಾವೆಲ್ಲರೂ ದೊಡ್ಡ ಛಾಯಾಗ್ರಾಹಕರು.

ಹೀಗೆಂದು ಯಂತ್ರದಲ್ಲೇನೂ ಇಲ್ಲ, ಕಣ್ಣೇ ಎಲ್ಲ ಎಂಬ ಸುಲಭದ ಮಾತನ್ನು ನಾನು ಆಡುವುದಿಲ್ಲ. ಮೈಸೂರಿನಿಂದ ಬಂದು ಬಹುಕಾಲ ದಿಲ್ಲಿಯಲ್ಲಿದ್ದು ಕೆಲಸ ಮಾಡಿದ ಟಿ. ಎಸ್. ಸತ್ಯನ್ ಅವರು ನಮ್ಮ ಹೆಮ್ಮೆ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ವಿಶ್ವಸಂಸ್ಥೆಯ ಕೇಂದ್ರದಲ್ಲೇ ನಡೆಯಿತು. ಆಗ ಡಿಜಿಟಲ್ ಕ್ಯಾಮೆರಾ ಅಂಗಡಿಗೇ ಬಂದಿರಲಿಲ್ಲ. ಆದರೆ ಸತ್ಯನ್ ಅವರಿಗೂ ಕೆಲಸಕ್ಕೆ ತಕ್ಕ ಕ್ಯಾಮೆರಾ ಬೇಕಿತ್ತು ತಾನೆ? ಮಗುವಿನ ಮುಖಕ್ಕೆ ಒಂದು ಲೆನ್ಸ್ ಸಾಕು, ಹಾರುವ ಕಡಲಕ್ಕಿಗೆ ಇನ್ನೊಂದು ಬೇಕು. ಹೋಲಿಕೆ ತಪ್ಪಲ್ಲ. ಯಂತ್ರವನ್ನು ಯಂತ್ರದೊಡನೆ ಹೋಲಿಸುತ್ತ ಕುಳಿತರೆ ಕೊನೆಯಿಲ್ಲ. ಯಂತ್ರವನ್ನು ಕೆಲಸದೊಡನೆ ಹೋಲಿಸಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಆದುದರಿಂದ ಹುಡುಗನನ್ನು ಕೇಳಿದೆ: "ಯಾರ ಚಿತ್ರ ತೆಗೀಬೇಕಪ್ಪಾ?"

ಅವನು ಪಟ್ಟಿಯನ್ನು ನೋಡಿದ. ಅದರಲ್ಲಿ ಆ ಕಲಮು ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ತಾತಂದು ಅಂಕಲ್" ಎಂದ. ತಾತ ಮೂಡಲಪಾಯ ಯಕ್ಷಗಾನದ ಭಾಗವತರಂತೆ. ಪಡುವಲಪಾಯದಷ್ಟು ಹೆಸರು ಪಡೆಯದೆ ಬಯಲುಸೀಮೆಯ ಹಳ್ಳಿಗಳಲ್ಲಿ ಸೊರಗುತ್ತಿರುವ ಆಟ ಅದು. ರಾತ್ರಿಯಿಡೀ ಅಟ್ಟದ ಮೇಲೆ ನಿಂತು ಹಾಡುತ್ತಿದ್ದವರಿಗೆ ಈಗ ಎಂಬತ್ತೊಂದು. ಮುಖವೀಣೆ ನುಡಿಸುತ್ತಿದ್ದ ಜೊತೆಗಾರ ತೀರಿಕೊಂಡು ಎರಡು ವರ್ಷವಾಯಿತು. ಬರುವ ಶಿವರಾತ್ರಿಗೆ ಊರಿನಲ್ಲಿ ಆಟವಿದೆ, ಅದೇ ತನ್ನ ಕೊನೆಯದೆಂದು ತಾತ ಹೇಳಿಬಿಟ್ಟಿದ್ದಾರೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹುಡುಗ ಎಂಟು ತಿಂಗಳು ಮೆಗಾಪಿಕ್ಸೆಲ್ ಎಣಿಸಿದ್ದಾನೆ!

ಆಮೇಲೆ ನಿರ್ಧಾರಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಮೊಬೈಲ್ ಸಾಲದೆ? ನಾಲ್ಕಾರು ಬಲ್ಬುಗಳ ಬೆಳಕಿನಲ್ಲಿ, ದೂರದಿಂದ, ಕುಣಿಯುವ ವೇಷಗಳ ನಡುವೆ ಹಾಡುವ ಮುಖ. ಅದರ ಚಿಕ್ಕ ಸೆನ್ಸರಿಗೆ ಕಷ್ಟ. ಪಟ್ಟಿಯಲ್ಲಿದ್ದ ಐದಕ್ಕೂ ಸೆನ್ಸರ್ ಹೆಚ್ಚು ಕಡಮೆ ಒಂದೇ ಅಳತೆಯದು, ಐದರಲ್ಲೂ ಸುಮಾರು 24 ಮೆಗಾಪಿಕ್ಸೆಲ್. ಅಲ್ಲಿಗೆ ಅವನ ಅರ್ಧ ಪಟ್ಟಿ ಅಳಿಸಿಹೋಯಿತು. ರಾತ್ರಿಯ ಆಟಕ್ಕೆ ಬೇಕಾದದ್ದು ಬೆಳಕನ್ನು ಹೆಚ್ಚಾಗಿ ಒಳಬಿಡುವ ಲೆನ್ಸ್. ಕ್ಯಾಮೆರಾದೊಡನೆ ಬರುವ ಸಾಮಾನ್ಯ ಲೆನ್ಸನ್ನು ಪೂರ್ತಿ ಎಳೆದಾಗ ಅದರ ಕಣ್ಣು ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿಲಿಮೀಟರಿನ ಎಫ್ 1.8 ಲೆನ್ಸು ಅದರ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕು ಬಿಡುತ್ತದೆ. ಹಳೆಯ ಕ್ಯಾಮೆರಾ ಒಂದು, ಈ ಲೆನ್ಸ್ ಹೊಸದೊಂದು, 28 ಸಾವಿರದೊಳಗೆ ಹೊಂದಿಸಬಹುದು. ಹಳೆಯದನ್ನು ಕೊಳ್ಳುವಾಗ ಎಷ್ಟು ಚಿತ್ರ ತೆಗೆದಿದೆಯೆಂಬ ಎಣಿಕೆಯನ್ನು ನೋಡು. ಈ ದರ್ಜೆಯವುಗಳ ಪರದೆ ಸುಮಾರು ಲಕ್ಷ ಸಲ ತೆರೆದು ಮುಚ್ಚಬಲ್ಲದೆಂದು ಲೆಕ್ಕ. ನಿಕಾನಾದರೆ ಇನ್ನೊಂದು ಎಚ್ಚರ: ಡಿ3500, ಡಿ5600ಗಳ ಒಡಲಲ್ಲಿ ಫೋಕಸ್ ಮೋಟಾರು ಇಲ್ಲ, ಆದ್ದರಿಂದ ಲೆನ್ಸಿನೊಳಗೇ ಮೋಟಾರಿರುವುದನ್ನು ಕೇಳಿ ತೆಗೆದುಕೋ. ಇಷ್ಟು ನಾನು ಹೇಳಿದೆ. ಹತ್ತು ವರ್ಷದ ನನ್ನ ವಿಚಾರಣೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅಂದೇ.

ಇದಕ್ಕಿಂತ ಒಳ್ಳೆಯದು ಮುಂದೆ ಬರುವುದಿಲ್ಲವೆ? ಬರುತ್ತದೆ, ಖಂಡಿತ ಬರುತ್ತದೆ. ಬಂದಾಗ ಅದು ಬರುವ ಶಿವರಾತ್ರಿಯ ಆಟವನ್ನು ತೆಗೆಯಲಾರದು. ಕೊಳ್ಳುವ ಕಾಲವನ್ನು ಗೊತ್ತುಮಾಡಬೇಕಾದವರು ಕ್ಯಾಮೆರಾ ಮಾಡುವವರಲ್ಲ, ಅದರ ಮುಂದೆ ನಿಲ್ಲಬೇಕಾದವರು, ಅದನ್ನು ಹಿಡಿಯಬೇಕಾದವರು. ಯಾರ ಕಾಲವೂ ಒತ್ತುತ್ತಿಲ್ಲವಾದರೆ, ಯಾವ ಮುಖವೂ ಯಾವ ಹಕ್ಕಿಯೂ ಕಣ್ಣ ಮುಂದಿಲ್ಲವಾದರೆ, ಧಾರಾಳವಾಗಿ ಕಾಯಿರಿ. ಕೊಳ್ಳದೆಯೇ ಇದ್ದರೂ ನಷ್ಟವಿಲ್ಲ.

ಮರುವಾರ ಶನಿವಾರ ಹುಡುಗ ಮಂಡಿ ಹೌಸಿನಲ್ಲಿ ಮೆಟ್ರೋ ಬದಲಿಸಿ ಲಾಲ್ ಕಿಲಾದಲ್ಲಿಳಿದು ಕೂಚಾ ಚೌಧರಿಗೆ ಹೋಗಿ ಬಂದ. ಕ್ಯಾಮೆರಾವನ್ನು ಮೊದಲು ತಂದು ತೋರಿಸಿದ್ದು ನನ್ನ ಹೆಂಡತಿಗೆ. ಅವಳು ಅದನ್ನು ಕಣ್ಣಿಗಿಟ್ಟು ಅವನ ಮುಖವನ್ನು ಮೆಲ್ಲಗೆ ಹುಡುಕಿ, ಸಿಕ್ಕಿದ ಮೇಲೆ ಒತ್ತಿದಳು. "ಚೆನ್ನಾಗಿದೆ ಕಣೋ. ರಾತ್ರಿಯೆಲ್ಲ ಆಟ ಅಂದ್ಯಲ್ಲ, ಇನ್ನೊಂದು ಬ್ಯಾಟರಿ ಇಟ್ಕೊಂಡು ಹೋಗು" ಎಂದಳು. ನನ್ನ ಅಷ್ಟುದ್ದದ ಉಪದೇಶದಲ್ಲಿ ಅದೊಂದು ಮಾತು ಬಿಟ್ಟುಹೋಗಿತ್ತು.